ಅಕ್ಕನಿಗೆ ಕೊಟ್ಟ ಕತ್ತಲು

ಬೆಳಗಿನ ಐದೂವರೆ. ಧಾರಾವಾಹಿಯ ಸೆಟ್ಟಿನಲ್ಲಿ ಗೋಡೆಯ ಬಣ್ಣ ಇನ್ನೂ ಹಸಿ. ಅರವತ್ತೆಂಟು ವಯಸ್ಸಿನ ಛಾಯಾಗ್ರಾಹಕರು ಏಣಿ ಹತ್ತಿ, ಲೈಟಿನ ಬಾಯಿಗಿರುವ ಬಿಸಿ ತಗಡನ್ನು ಬಟ್ಟೆಯಲ್ಲಿ ಹಿಡಿದು ಚೂರು ಓರೆ ಮಾಡುತ್ತಾರೆ. ಕುರ್ಚಿಯ ಮೇಲೆ ಸಣ್ಣ ನೆರಳು ಮೂಡುತ್ತದೆ.

ಕೆಳಗಿನಿಂದ ನಿರ್ದೇಶಕರ ಕೂಗು: "ಸಾರ್, ನೆರಳು ಬೇಡ. ಮೊಬೈಲಲ್ಲಿ ನೋಡೋರಿಗೆ ಏನೂ ಕಾಣಲ್ಲ."

ಛಾಯಾಗ್ರಾಹಕರು ತಗಡನ್ನು ಮೊದಲಿನಂತೆ ತಿರುಗಿಸುತ್ತಾರೆ. "ಇಲ್ಲಿ ಸಾವಿನ ಮನೆಗೂ ಮದುವೆ ಮನೆಗೂ ಒಂದೇ ಬೆಳಕು," ಎನ್ನುತ್ತಾ ಇಳಿಯುತ್ತಾರೆ.

ದಿನಕ್ಕೆ ಹದಿನೆಂಟು ದೃಶ್ಯ, ಮೂರು ಕ್ಯಾಮೆರಾ, ಹನ್ನೆರಡು ಗಂಟೆ ನಿಂತೇ ಕೆಲಸ. ನಲವತ್ತೊಂದು ಸಿನಿಮಾ ಮಾಡಿ ಎರಡು ಪ್ರಶಸ್ತಿ ಪಡೆದ ಕೈ ಇದು ಎಂದು ಸೆಟ್ಟಿನಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಲೈಟ್ ಹೊರಲು ಸ್ಟುಡಿಯೋ ಸೇರಿದವರು. ಕ್ಯಾಮೆರಾ ಮುಟ್ಟಲು ಒಂಬತ್ತು ವರ್ಷ ಹಿಡಿಯಿತು. ಫಿಲ್ಮ್ ರೀಲಿನ ಕಾಲ ಮುಗಿದಾಗ ಸಿನಿಮಾಕ್ಕೆ ಕರೆಯುತ್ತಿದ್ದವರೂ ದಿಕ್ಕಿಗೊಬ್ಬರಾದರು.

ಅವರಿಗೆ ಹೆಸರು ತಂದದ್ದು ಹಳೆಯ ಚಿತ್ರವೊಂದರ ಕತ್ತಲ ದೃಶ್ಯ. ಮಗ ಸತ್ತ ಸುದ್ದಿ ಕೇಳಿದ ತಾಯಿ ಕಿಟಕಿಯ ಪಕ್ಕ ಕೂತಿದ್ದಾಳೆ. ಕೈಯಷ್ಟೇ ಕಾಣುತ್ತದೆ, ಮುಖ ಕಾಣುವುದಿಲ್ಲ. ವಿಮರ್ಶಕರು ಹಾಡಿ ಹೊಗಳಿದರು. ಆದರೆ ನಡೆದದ್ದೇ ಬೇರೆ. ಆ ಪಾತ್ರ ಮಾಡಿದ ನಟಿ ತಿಂಗಳ ಹಿಂದಷ್ಟೇ ಸ್ವಂತ ಮಗಳನ್ನು ಕಳೆದುಕೊಂಡಿದ್ದರು.

"'ಇವತ್ತು ನಟನೆ ಆಗಲ್ಲಪ್ಪ, ಬರೋದೆಲ್ಲ ನಿಜವಾದ ಅಳುನೇ. ಅದನ್ನ ಊರಿಗೆಲ್ಲ ತೋರಿಸಬೇಡ' ಅಂದ್ರು. 'ಇಲ್ಲ ಅಕ್ಕಾ, ಯಾರಿಗೂ ಕಾಣಲ್ಲ' ಅಂತ ಮಾತು ಕೊಟ್ಟು ಎರಡು ಲೈಟ್ ಆರಿಸಿದೆ. ನಿರ್ದೇಶಕರಿಗೂ ಕಾರಣ ಹೇಳ್ಲಿಲ್ಲ," ಎನ್ನುತ್ತಾರೆ ಛಾಯಾಗ್ರಾಹಕರು.

ಈ ವರ್ಷ ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೊಳೆದು, ಬೆಳಗಿಸಿ, ಮತ್ತೆ ಬಿಡುಗಡೆ ಮಾಡಿದ್ದಾರೆ. ಛಾಯಾಗ್ರಾಹಕರನ್ನು ಒಂದು ಮಾತೂ ಕೇಳಿಲ್ಲ. ಹೆಂಡತಿಯೊಂದಿಗೆ ಟಿಕೆಟ್ ಕೊಂಡು ಹೋದವರು ಆ ದೃಶ್ಯ ಬಂದಾಗ ತಲೆ ತಗ್ಗಿಸಿ ಕೂತರು. ಪರದೆಯ ತುಂಬ ಅಕ್ಕನ ಮುಖ: ತುಟಿ ಕಚ್ಚಿ ಹಿಡಿದಿದ್ದಾರೆ, ಗದ್ದ ನಡುಗುತ್ತಿದೆ. "ಇದಪ್ಪಾ ನಟನೆ ಅಂದ್ರೆ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಮರುದಿನ ನಟಿಯ ಫೋನ್. ಅವರಿಗೀಗ ಎಂಬತ್ತು ದಾಟಿದೆ. "'ನೀನೂ ಹೀಗೆ ಮಾಡಿಬಿಟ್ಟೆಯಲ್ಲೋ' ಅಂದ್ರು. ನಾನಲ್ಲ ಅಕ್ಕಾ ಅನ್ನೋಷ್ಟರಲ್ಲಿ ಇಟ್ಟೇಬಿಟ್ರು. ಆಮೇಲೆ ಎತ್ತಲೇ ಇಲ್ಲ."

ಚಿತ್ರದ ಕಂಪನಿಗೆ ಮೂರು ಸಲ ಅಲೆದಿದ್ದಾರೆ. ಜನ ಮೆಚ್ಚಿದ್ದಾರೆ, ಬದಲಾಯಿಸಲು ಬರುವುದಿಲ್ಲ ಎಂದು ಅಲ್ಲಿಯ ಉತ್ತರ. ಮೇಲಾಗಿ, ಜಾಹೀರಾತಿನಲ್ಲಿ ಇವರ ಹೆಸರನ್ನು ಹಿಂದೆಂದಿಗಿಂತ ದಪ್ಪಕ್ಷರದಲ್ಲಿ ಹಾಕಿದ್ದಾರಂತೆ, ಇನ್ನೇನು ಬೇಕು?

ಬೇಕಾದದ್ದನ್ನು ಅವರು ಬರೆದೇ ಕೊಟ್ಟಿದ್ದಾರೆ. "ನನ್ನ ಹೆಸರು ತೆಗೆದುಬಿಡಿ ಅಂದಿದೀನಿ. ಅವರ ಮುಖ ಮುಚ್ಚೋಕಂತೂ ನನ್ನ ಕೈಲಾಗ್ಲಿಲ್ಲ. ಇದು ನಾನು ಮಾಡಿದ ಕೆಲಸ ಅಲ್ಲ ಅಂತಾದ್ರೂ ಅಕ್ಕನಿಗೆ ಗೊತ್ತಾಗ್ಲಿ."