ವಸುಧಾಳ ಕೈ ಹುಡುಕಿದ್ದೇನು?

ತಾಯಿ ಚಾಮುಂಡೇಶ್ವರಿಯನ್ನು ನಂಬಿದವರಿಗೆಲ್ಲ ಅಮೆರಿಕದ ಕ್ಯಾರಿ ಊರಿನಿಂದ ನನ್ನ ನಮಸ್ಕಾರ.

2023ರ ಸಂಕ್ರಾಂತಿ ಕಳೆದ ಮೇಲೆ ನನ್ನ ಹೆಂಡತಿ ವಸುಧಾಳಿಗೆ ಬಂದ ಫ್ಲೂ ನ್ಯುಮೋನಿಯಾಕ್ಕೆ ತಿರುಗಿತು. ಆಸ್ಪತ್ರೆಗೆ ಡ್ರೈವ್ ಮಾಡುವಷ್ಟರಲ್ಲೇ ಅವಳ ತುಟಿ ನೀಲಿಗಟ್ಟಿತ್ತು. ಮೈಮೇಲಿನ ಒಡವೆ ತೆಗೆಯಿರಿ ಎಂದರು ಅಲ್ಲಿಯ ನರ್ಸ್‌ಗಳು. ಬಳೆ, ಓಲೆ, ಕೊನೆಗೆ ಮಾಂಗಲ್ಯದ ಸರವನ್ನೂ ನಾನೇ ಕೈಯಾರೆ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಆಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು.

ಹಾಕುವುದಕ್ಕಿಂತ ಬಿಡಿಸುವುದೇ ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಎರಡನೇ ವಾರಕ್ಕೆ ಶ್ವಾಸಕೋಶ ಸುಧಾರಿಸಿತು. ದಿನಾ ಬೆಳಿಗ್ಗೆ ನಿದ್ರೆಯ ಔಷಧಿ ನಿಲ್ಲಿಸಿ, ಯಂತ್ರದ ಆಸರೆ ತಗ್ಗಿಸಿ, ತಾನೇ ಉಸಿರಾಡುತ್ತಾಳೋ ಎಂದು ನೋಡುತ್ತಿದ್ದರು. ಆ ಹೊತ್ತಿಗೆ ನನ್ನನ್ನು ಹೊರಗೆ ಕೂರಿಸುತ್ತಿದ್ದರು. ದಿನಾ ಅದೇ ಕಥೆ. ಎಚ್ಚರವಾಗುತ್ತಲೇ ಗಾಬರಿಬಿದ್ದು ಒದ್ದಾಡುತ್ತಾಳೆ, ಕೊಳವೆ ಕೀಳಲು ಕೈ ಎತ್ತುತ್ತಾಳೆ, ಏದುಸಿರು ಬಿಡುತ್ತಾಳೆ, ಮತ್ತೆ ಮಲಗಿಸಬೇಕಾಗುತ್ತದೆ ಎನ್ನುತ್ತಿದ್ದರು. ಹೀಗೇ ಆದರೆ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಹಾಕಬೇಕು, ಸೋಮವಾರ ತೀರ್ಮಾನಿಸೋಣ ಎಂದರು ಡಾಕ್ಟರು.

ನಾನು ಕೆಟ್ಟ ಸಾಫ್ಟ್‌ವೇರ್ ಸರಿಮಾಡಿ ಹೊಟ್ಟೆ ಹೊರೆಯುವವನು. ಏನೇ ಕೆಟ್ಟರೂ ಎಲ್ಲೋ ಒಂದು ಬಟನ್ ಇದ್ದೇ ಇರುತ್ತದೆ ಎಂದು ಜಂಭಪಡುತ್ತಿದ್ದವನು. ಇಲ್ಲಿ ಬಟನ್‌ಗಳೆಲ್ಲ ಬೇರೆಯವರ ಕೈಯಲ್ಲಿದ್ದವು.

ಭಾನುವಾರ ನಮ್ಮ ದೇವಸ್ಥಾನದ ಶಾರದಾ ಆಂಟಿ ಆಸ್ಪತ್ರೆಯ ಪಾರ್ಕಿಂಗ್ ಲಾಟಿಗೆ ಊಟದ ಡಬ್ಬಿ ತಂದರು. “ವಸುಧಾ ಕೊರಳಲ್ಲಿ ಏನೂ ಇಲ್ವಾ?” ಎಂದು ಕೇಳಿದರು.

“ಐಸಿಯು ಆಂಟಿ ಅದು, ಅವೆಲ್ಲ ಅಲೋ ಮಾಡಲ್ಲ” ಎಂದು ರೇಗಿದೆ.

“ರೇಗ್ಬೇಡಪ್ಪ. ತಾಯಿ ಮುಂದಿಟ್ಟು ಪೂಜೆ ಮಾಡಿರೋ ಅರಿಶಿನದ ಕೊಂಬು ಇದು, ದಾರಕ್ಕೆ ಕಟ್ಟಿದೀನಿ. ಜೇಬಲ್ಲಾದ್ರೂ ಇಟ್ಕೊಂಡಿರು.”

ಅವರು ಹೋದ ಮೇಲೆ ಕಾರಿನಲ್ಲಿ ಕುಳಿತು ಗೊಳೋ ಎಂದು ಅತ್ತೆ. “ತಾಯಿ, ನನ್ ಕೈಲಿ ಏನೂ ಇಲ್ಲ. ಏನ್ ಮಾಡ್ಲಿ ಅಂತನಾದ್ರೂ ತೋರ್ಸು” ಎಂದೆ. ಅದಕ್ಕಿಂತ ದೊಡ್ಡ ಪ್ರಾರ್ಥನೆ ನನಗೆ ಬರಲಿಲ್ಲ.

ಸೋಮವಾರ ನರ್ಸ್ ನನ್ನನ್ನು ಹೊರಗೆ ಕಳಿಸಲು ಮರೆತಳೋ, ಪಾಪ ಎನಿಸಿತೋ, ನಾನು ಕೋಣೆಯ ಮೂಲೆಯಲ್ಲೇ ನಿಂತಿದ್ದೆ. ಔಷಧಿ ನಿಲ್ಲಿಸಿದರು. ವಸುಧಾಳ ಕಣ್ಣು ಅರೆತೆರೆಯಿತು, ಕೈ ಮೇಲೆದ್ದಿತು. ಟ್ಯೂಬ್ ಕೀಳುತ್ತಿದ್ದಾಳೆ ಎಂದು ನರ್ಸ್ ಆ ಕೈ ಹಿಡಿದಳು. ಆದರೆ ಬೆರಳುಗಳು ಬಾಯಿಯ ಹತ್ತಿರ ಹೋಗಲೇ ಇಲ್ಲ. ಕತ್ತಿನ ಬುಡದಲ್ಲಿ ತಡಕಾಡುತ್ತಿದ್ದವು. ವಿಮಾನ ಇಳಿಯುವಾಗ, ಮಗಳು ಫೋನ್ ಎತ್ತದಿದ್ದಾಗ, ಅವಳು ಮಾಂಗಲ್ಯ ಹಿಡಿದುಕೊಳ್ಳುವ ಜಾಗ ಅದು.

ಅವಳು ಹುಡುಕುತ್ತಿರುವುದು ಟ್ಯೂಬ್ ಅಲ್ಲ, ತಾಳಿ ಎಂದು ನರ್ಸ್‌ಗೆ ತೊದಲುತ್ತಾ ಹೇಳಿದೆ. ಜೇಬಿನಿಂದ ಅರಿಶಿನದ ಕೊಂಬಿನ ದಾರ ತೆಗೆದು ತೋರಿಸಿದೆ. ಕೊರಳಿಗೆ ಬೇಡ, ಮಣಿಕಟ್ಟಿಗಾದರೆ ಕಟ್ಟಿ ಎಂದಳು ನರ್ಸ್. ವಸುಧಾಳ ಮಣಿಕಟ್ಟಿಗೆ ದಾರ ಸುತ್ತಿ ಮೂರು ಗಂಟು ಹಾಕಿದೆ. “ನಾನಿದೀನಿ ಕಣೇ” ಎಂದೆ. ವಸುಧಾ ಕೊಂಬನ್ನು ಮುಷ್ಟಿಯಲ್ಲಿ ಹಿಡಿದಳು. ಉಸಿರಿನ ಓಟ ಮೆಲ್ಲಗೆ ಇಳಿಯಿತು. ಯಂತ್ರದ ಹೆಚ್ಚಿನ ಆಸರೆಯಿಲ್ಲದೆ ಅವಳೇ ಉಸಿರಾಡಿದಳು. ಮಧ್ಯಾಹ್ನ ಕೊಳವೆ ತೆಗೆದರು.

ಡಾಕ್ಟರು, ನರ್ಸ್‌ಗಳ ಋಣ ತೀರಿಸಲಾರೆ. ಪಕ್ಕದ ಕೋಣೆಯಲ್ಲಿದ್ದ ಹೆಂಗಸಿನ ಗಂಡನೂ ನನ್ನಷ್ಟೇ ಬೇಡಿಕೊಂಡಿದ್ದ, ಆಕೆ ಉಳಿಯಲಿಲ್ಲ. ನನಗೇ ಏಕೆ ಈ ಕೃಪೆ ಎಂದು ತಾಯಿಯನ್ನು ಕೇಳುವ ಧೈರ್ಯ ಇವತ್ತಿಗೂ ಇಲ್ಲ.

ಮಾತು ಹೊರಟಾಗ ವಸುಧಾಳ ಗಂಟಲು ಒಡೆದುಹೋಗಿತ್ತು. ನನ್ನ ಕೆನ್ನೆ ಮುಟ್ಟಿ ನೋಡಿದಳು.

“ರೀ, ಕೊರಳು ಬೋಳಾಗಿತ್ತು. ಎಚ್ಚರ ಆದಾಗೆಲ್ಲ ನೀವು ಕಾಣ್ಲಿಲ್ಲ. ನೀವೇ ಹೋಗ್ಬಿಟ್ರಿ ಅಂದ್ಕೊಂಡಿದ್ದೆ.”

ನಾನು ಹೊರಗೆ ಕುಳಿತು ಅವಳಿಗಾಗಿ ಅಳುತ್ತಿದ್ದೆ, ಅವಳು ಒಳಗೆ ನನಗಾಗಿ. ಎರಡೂ ಗೊತ್ತಿದ್ದದ್ದು ತಾಯಿಗೊಬ್ಬಳಿಗೇ. ಅವಳ ಪಾದಕ್ಕೆ ನಮ್ಮಿಬ್ಬರ ನಮಸ್ಕಾರ.