ಸಾಹೇಬ್ರ ಹುಕುಂ ಮರೀದ ಪರದೆ

ಬೈಲಹೊಂಗಲದ ಕಾಲೇಜಿನಾಗ ಕಂಪ್ಯೂಟರ್ ಖೋಲಿ ಕಸಾ ಹೊಡಿಯೂದು ನನ್ನ ಕೆಲಸ. ಅವತ್ತ ಮಧ್ಯಾಹ್ನ ಫ್ಯಾನಿನ ಗಾಳಿಗೆ ಅರ್ಧ ನಿದ್ದ್ಯಾಗ ತೇಲಿದಂಗ ಕುಂತಿದ್ದೆ. ಹುಡುಗೂರು ಕಂಪ್ಯೂಟರಿನಾಗ ವರ್ಷಪೂರ್ತಿ ಮಾಡಿದ ಕೆಲಸಾನ್ನ ಹಿಂದಿನ ದಿನ ಯಾರೋ ಅಳಿಸಿದ್ರು. ಖೋಲಿ ನೋಡಿಕೊಳ್ಳೂ ಶಾಂತಾನ ಅಳಿಸ್ಯಾಳಂತ ಹೇಳಿ ಪ್ರಿನ್ಸಿಪಾಲ್ ಸಾಹೇಬ್ರು ಆಕೀನ್ನ ಕೆಲಸದಿಂದ ತಗಿಯಾಕ ನಿಂತಿದ್ರು.

ರಿಪೇರಿಗೆ ಬೆಳಗಾವಿಯಿಂದ ಬಂದಾಕಿ ಅದ ಖೋಲ್ಯಾಗಿದ್ದ ಸಾಹೇಬ್ರ ಕಂಪ್ಯೂಟರಿನ ಕರಿ ಪರದೆ ಮ್ಯಾಲೆ 'ಹಿಸ್ಟರಿ' ಅಂತ ಒಂದ ಶಬ್ದ ಒತ್ತಿದ್ಲು. ಸಾಹೇಬ್ರು ಈವರೆಗೂ ಕೊಟ್ಟ ಹುಕುಂ ಎಲ್ಲಾ ಇರುವಿ ಸಾಲಿನಂಗ ತೆಪ್ಪಗ ಎದ್ದು ಬಂದ್ವು. ನನಗ ಕನಸು ಕಂಡಂಗಾತು.

"ಅಳಿಸು ಅನ್ನೂ ಹುಕುಂ ನೀವ ಕೊಟ್ಟೀರಲ್ರಿ ಸರ್!" ಅಂದ್ಲು ರಿಪೇರಿಯಾಕಿ.

"ಇದನ್ನ ಬರದಿಡಂತ ಅದಕ್ಕ ಯಾರು ಹೇಳಿದ್ರು?"

"ಯಾರೂ ಹೇಳೂದು ಬ್ಯಾಡ್ರಿ. ಹುಟ್ಟುವಾಗನ ಕಲ್ತು ಬಂದಿರತೈತಿ."

ಸಾಹೇಬ್ರ ಮಾರಿ ಸುಟ್ಟ ಬದನಿಕಾಯಿ ಆತು. "ಒರಸಾಕ ಬರತೈತೇನವಾ?" ಅಂದ್ರು ಮೆಲ್ಲಕ.

"ಅದಕ್ಕೂ ಹುಕುಂ ಐತ್ರಿ. ಶಾಂತಾನ್ನ ತಗಿಯಂಗಿಲ್ಲಂತ ಮದಲ ಬರದು ಕೊಡ್ರಿ."

ಬರದು ಕೊಟ್ರು. ಬಾಗಲದಾಗ ನಿಂತಿದ್ದ ಶಾಂತಾ ಸೆರಗಿಲೆ ಕಣ್ಣೊರಸಿಕೊಂಡ್ಲು. ಕಂಪ್ಯೂಟರ್ ಎಲ್ಲಾ ಮರೀತು. ಮೂಲ್ಯಾಗ ಕುಂತ ನನಗ ಮಾತ್ರ ಯಾರೂ ಹುಕುಂ ಕೊಡಲಿಲ್ಲ. ಸಂಜೀಕ ನಾ ಹತ್ತಿದ ಮುನವಳ್ಳಿ ಬಸ್ಸು ಊರು ದಾಟೂದ್ರಾಗ, ಕಂಡಕ್ಟರನೂ ಸಾಹೇಬ್ರ ಹೆಸರು ಕೇಳಿ ನಗಾಕ ಹತ್ತಿದ್ದ.