ಇಣುಕಪ್ಪ ಕೊಟ್ಟ ಇ-ರೀಡರ್

ಕನ್ನಡಕದಂಗಡಿಯ ಹಿಂಬದಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮಸೂರ ಉಜ್ಜಿದವಳಿಗೆ ತನ್ನ ಕಣ್ಣೇ ಕೈಕೊಡತೊಡಗಿತ್ತು. ಎಡಗಣ್ಣಿನಲ್ಲಿ ಒತ್ತಡ ಹೆಚ್ಚಿದೆ, ಹನಿ ಹಾಕುತ್ತಿದ್ದರೆ ಕೆಲಸಕ್ಕೆ ತೊಂದರೆಯಿಲ್ಲ ಎಂದಿದ್ದರು ಡಾಕ್ಟರು. ಮಾಲೀಕರಿಗೆ ಹೇಗೆ ಹೇಳುವುದೆಂದು ಅವಳು ಯೋಚಿಸುತ್ತಿರುವಾಗಲೇ ಭಾವ ಆ ಶ್ರಮ ತಪ್ಪಿಸಿದರು.

ಭಾವ ಎಂದರೆ ಅಕ್ಕನ ಗಂಡ. ಪಕ್ಕದ ಮನೆಗೆ ಬಂದ ಲಕೋಟೆಯನ್ನೂ ಬೆಳಕಿಗೆ ಹಿಡಿದು ನೋಡುವ ಮಹಾಶಯ. ಬೀದಿಯವರು ಇಟ್ಟ ಹೆಸರು ಇಣುಕಪ್ಪ. ತಾವು ಹೊಸ ಇ-ರೀಡರ್ ಕೊಂಡಾಗ ಹಳೆಯದನ್ನು ನಾದಿನಿಗೆ ದಯಪಾಲಿಸಿದ್ದರು. ಅದರ ಅಕೌಂಟನ್ನು ಮಾತ್ರ ತಮ್ಮ ಹೆಸರಿನಲ್ಲೇ ಉಳಿಸಿಕೊಂಡಿದ್ದರು. ಅವಳಿಗೆ ಅದರ ಅರಿವಿರಲಿಲ್ಲ. ಕಣ್ಣಿನ ಕಾಯಿಲೆಯ ಪುಸ್ತಕವೊಂದನ್ನು ಇಳಿಸಿಕೊಂಡು, ಅಲ್ಲಲ್ಲಿ ಗೆರೆ ಎಳೆದು, 'ನನ್ನ ಎಡಗಣ್ಣೂ ಹೀಗೇ' ಎಂದು ಅದರಲ್ಲೇ ಬರೆದುಕೊಂಡಳು.

ಸೋಮವಾರ ಮಾಲೀಕರು ಕರೆದರು. "ಕಣ್ಣು ಹೋಗ್ತಿದೆಯಂತೆ? ನಿಮ್ಮ ಭಾವ ಫೋನ್ ಮಾಡಿದ್ರು. ಇನ್ಮೇಲೆ ಪ್ಯಾಕಿಂಗ್ ನೋಡ್ಕೊಳ್ಳಿ."

ಅವಳು ನೇರ ಅಕ್ಕನ ಮನೆಗೆ ಹೋದಳು.

"ಭಾವ, ನಿಮಗ್ಯಾರು ಹೇಳಿದ್ದು?"

"ಯಾರ್ಯಾಕೆ ಹೇಳ್ಬೇಕು? ನೀನು ಗೆರೆ ಎಳೆದಿದ್ದು, ಬರೆದಿದ್ದು ಎಲ್ಲಾ ನನ್ನ ಫೋನಿಗೆ ಬರುತ್ತಲ್ಲ!" ಭಾವನ ಮುಖದಲ್ಲಿ ಪದಕ ಗೆದ್ದ ಕಳೆ. "ನಿನ್ನ ಒಳ್ಳೇದಕ್ಕೇ ಹೇಳ್ದೆ. ಮನೆಯವರ ಹತ್ರ ಮುಚ್ಚುಮರೆ ಯಾಕಮ್ಮ?"

"ಹೌದಾ? ನಿಮ್ಮ ಫೋನ್ ಕೊಡಿ, ನಾನೂ ನೋಡ್ತೀನಿ."

ಭಾವ ಗಬಕ್ಕನೆ ಫೋನನ್ನು ಜೇಬಿಗೆ ತುರುಕಿದರು.

"ಯಾಕ್ರೀ, ಕೊಡಿ" ಎಂದಳು ಅಕ್ಕ. ಕೊಡಲಿಲ್ಲ.

ಆ ಪೆಚ್ಚು ಮೋರೆ ನೋಡಿ ಅವಳಿಗೆ ಸಿಟ್ಟಿಗಿಂತ ಹೇಸಿಗೆಯಾಯಿತು. ಇ-ರೀಡರಿನಲ್ಲಿದ್ದ ತನ್ನ ಬರಹವನ್ನೆಲ್ಲ ಅವರೆದುರೇ ಅಳಿಸಿ ಮೇಜಿನ ಮೇಲಿಟ್ಟಳು. "ತಗೊಳ್ಳಿ. ಇಣುಕೋದಕ್ಕೆ ಇನ್ಯಾರನ್ನಾದ್ರೂ ಹುಡುಕ್ಕೊಳ್ಳಿ."

ಮರುದಿನ ಡಾಕ್ಟರ ಚೀಟಿಯನ್ನು ಮಾಲೀಕರ ಮುಂದಿಟ್ಟು, ಅವರ ಕಣ್ಣೆದುರೇ ಒಂದು ಮಸೂರ ಉಜ್ಜಿದಳು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಾಲೀಕರು ಗಂಟಲು ಸರಿಮಾಡಿಕೊಂಡು ಹಳೆಯ ಕೆಲಸವನ್ನೇ ಕೊಟ್ಟರು. ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ಅವರಿಗೂ ಇರಲಿಲ್ಲ.

ಆಮೇಲೆ ಅವಳು ಸೆಕೆಂಡ್‌ಹ್ಯಾಂಡ್ ಇ-ರೀಡರ್ ಒಂದನ್ನು ಕೊಂಡು, ಹಿಂದಿನವರದ್ದೆಲ್ಲ ಅಳಿಸಿ, ತನ್ನದೇ ಅಕೌಂಟ್ ತೆರೆದಳು. ಪಾಸ್‌ವರ್ಡ್ ಹಾಕಿದಳು. ಪುಸ್ತಕ ಇಳಿಸುವಾಗ ಬಿಟ್ಟರೆ ವೈಫೈ ಬಂದ್.

ಉಪಕಾರ ಸ್ಮರಣೆ ಇಲ್ಲದವಳು ಎಂದು ಭಾವ ಬೀದಿಯೆಲ್ಲ ಸಾರಿದರು. ಅವರ ಮಾತಿಗೆ ಬೀದಿಯಲ್ಲಿದ್ದ ಬೆಲೆ ಗೊತ್ತಿದ್ದರಿಂದ ಅವಳು ತಲೆಕೆಡಿಸಿಕೊಳ್ಳಲಿಲ್ಲ.

ತಿಂಗಳ ನಂತರ ಅಕ್ಕ ಒಬ್ಬಳೇ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ನನ್ನ ಫೋನಿಗೂ ಪಾಸ್‌ವರ್ಡ್ ಹಾಕೋದು ಹೇಳ್ಕೊಡ್ತೀಯೇನೇ?"